ಮಾತ್ರೆ ನುಂಗುತ್ತಾ ಹಾಲೂಡಿಸಬಹುದೇ?

(ಬಾಣಂತಿಯರು, ಅವರ ಮನೆಯವರು ಮತ್ತು ಆಶಾ ಕಾರ್ಯಕರ್ತೆಯರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಸಭಿಕರ ಕೆಲವು ಪ್ರಶ್ನೆಗಳಿವೆ.)

ಎಲ್ಲರಿಗೂ ನಮಸ್ಕಾರ.

ಹೆರಿಗೆಯಾಗಿ ಆರೇಳು ವಾರವಾದ ಹೆಣ್ಣುಮಗಳಿಗೆ ಮನೋವೈದ್ಯರು ಖಿನ್ನತೆಗೆ ಕೊಡುವ ಸರ್ಟ್ರಲೀನ್ ಮಾತ್ರೆ 50 ಮಿಲಿಗ್ರಾಂ ಎಂದು ಚೀಟಿ ಬರೆದುಕೊಡುತ್ತಾರೆ ಅಂದುಕೊಳ್ಳಿ. ಆ ಚೀಟಿ ಮಾತ್ರೆಯಾಗಿ ಹೊಟ್ಟೆ ಸೇರುವ ಮೊದಲು ಮೂರು ಕಡೆ ತಡೆ ಬೀಳುತ್ತದೆ. ಮೆಡಿಕಲ್ ಶಾಪಿನವರು "ಹಾಲು ಕುಡಿಸ್ತಿದ್ದೀರಾ? ಇನ್ನೊಂದ್ಸಲ ಡಾಕ್ಟರನ್ನ ಕೇಳ್ಕೊಂಡು ಬನ್ನಿ" ಅನ್ನುತ್ತಾರೆ. ಡಬ್ಬಿಯೊಳಗಿನ ಕಾಗದ ಹಾಲೂಡಿಸುವವರು ಎಚ್ಚರದಿಂದಿರಬೇಕು ಅನ್ನುತ್ತದೆ. ಮನೆಯಲ್ಲಿ ಅಮ್ಮನೋ ಅತ್ತೆಯೋ "ಮಗು ಹಾಲು ಬಿಡೋವರ್ಗೂ ಹೇಗಾದ್ರೂ ತಡ್ಕೋ ಮಗಳೇ" ಅನ್ನುತ್ತಾರೆ. ಮೂರರ ಹಿಂದೆಯೂ ಇರುವುದು ಮಗುವಿನ ಮೇಲಿನ ಕಾಳಜಿಯೇ. ಆದರೆ ತಕ್ಕಡಿಯ ಒಂದೇ ತಟ್ಟೆಗೆ ತೂಕ ಬಿತ್ತು. ಮಾತ್ರೆಯಿಂದ ಮಗುವಿಗೆ ಏನಾದೀತು ಎಂದು ಎಲ್ಲರೂ ಕೇಳಿದರು. ಕಾಯಿಲೆಯನ್ನು ಹಾಗೇ ಬಿಟ್ಟರೆ ಮಗುವಿಗೆ ಏನಾಗುತ್ತದೆ ಎಂದು ಯಾರೂ ಕೇಳಲಿಲ್ಲ. ಇವತ್ತು ಎರಡೂ ತಟ್ಟೆಗಳನ್ನು ತುಂಬಿ ತೂಗೋಣ.

ಮೊದಲು ಯಾವುದಕ್ಕೆ ಮಾತ್ರೆ, ಯಾವುದಕ್ಕೆ ಅಲ್ಲ ಎಂಬುದನ್ನು ಬಿಡಿಸಿಕೊಳ್ಳೋಣ. ಹೆರಿಗೆಯಾದ ಎರಡು ಮೂರನೇ ದಿನಕ್ಕೆ ಕಾರಣವಿಲ್ಲದೆ ಅಳು ಬರುವುದು, ಸಣ್ಣ ಮಾತಿಗೂ ಮನಸ್ಸು ಮುದುಡುವುದು, ಮರುಗಳಿಗೆಗೆ ನಗು ಬರುವುದು ಅರ್ಧಕ್ಕಿಂತ ಹೆಚ್ಚು ತಾಯಂದಿರಲ್ಲಿ ಇರುತ್ತದೆ. ಎರಡು ವಾರದೊಳಗೆ ತಾನಾಗಿಯೇ ಇಳಿಯುತ್ತದೆ. ಇದಕ್ಕೆ ಮಾತ್ರೆ ಬೇಡ. ನಿದ್ದೆ, ಊಟ, ಜೊತೆಗೊಬ್ಬರು ಸಾಕು. ಎರಡು ವಾರ ದಾಟಿಯೂ ದಿನದ ಬಹುಪಾಲು ಮನಸ್ಸು ಕುಗ್ಗಿಯೇ ಇದ್ದರೆ, ಮಗು ಮಲಗಿದಾಗಲೂ ತಾಯಿಗೆ ನಿದ್ದೆ ಹತ್ತದಿದ್ದರೆ, ಮಗುವನ್ನು ಎತ್ತಿಕೊಂಡರೆ ಏನೂ ಅನ್ನಿಸದಿದ್ದರೆ, "ನಾನು ಒಳ್ಳೇ ತಾಯಿ ಅಲ್ಲ" ಎಂಬ ಮಾತು ತಲೆಯಲ್ಲಿ ಸುತ್ತುತ್ತಲೇ ಇದ್ದರೆ ಅದು ಖಿನ್ನತೆ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಬಂದ ವಿಶ್ಲೇಷಣೆಯೊಂದು ನಮ್ಮ ದೇಶದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ, ಸುಮಾರು 22% ಬಾಣಂತಿಯರಲ್ಲಿ ಇದು ಕಾಣುತ್ತದೆ ಎಂದು ಲೆಕ್ಕ ಹಾಕಿತು. ಐವರಲ್ಲಿ ಒಬ್ಬರು ಎಂದಿಟ್ಟುಕೊಳ್ಳಿ.

ಮೂರನೆಯದು ಬೇರೆಯೇ. ಹಳಬರು ಬಾಣಂತಿ ಸನ್ನಿ ಎನ್ನುತ್ತಿದ್ದದ್ದು ಇದನ್ನೇ. ಸಾವಿರ ಹೆರಿಗೆಗೆ ಒಂದೆರಡು, ಹೆಚ್ಚಾಗಿ ಮೊದಲ ಎರಡು ವಾರದಲ್ಲಿ. ನಿದ್ದೆಯೇ ಬೇಡವೆನಿಸುವುದು, ಎಡೆಬಿಡದ ಮಾತು, ಇಲ್ಲದ ದನಿ ಕೇಳುವುದು, ಮಗು ತನ್ನದಲ್ಲ ಅಥವಾ ಮಗುವಿಗೆ ಯಾರೋ ಏನೋ ಮಾಡಿದ್ದಾರೆ ಎಂಬ ಗಟ್ಟಿ ನಂಬಿಕೆ. ಇದಕ್ಕೆ ಅಪಾಯಿಂಟ್‌ಮೆಂಟ್‌ಗೆ ಕಾಯುವ ಮಾತೇ ಇಲ್ಲ. ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು, ತಾಯಿ-ಮಗು ಇಬ್ಬರನ್ನೇ ಕೋಣೆಯಲ್ಲಿ ಬಿಡಬಾರದು. ಖಿನ್ನತೆಯ ಮಾತ್ರೆಯೊಂದನ್ನೇ ಕೊಟ್ಟರೆ ಇಂಥ ಕಾಯಿಲೆ ಏರುವುದುಂಟು. ಹಾಗಾಗಿಯೇ ವೈದ್ಯರು ಮಾತ್ರೆ ಬರೆಯುವ ಮೊದಲು "ಹಿಂದೆ ಯಾವಾಗಲಾದರೂ ವಾರಗಟ್ಟಲೆ ನಿದ್ದೆ ಇಲ್ಲದೆ ವಿಪರೀತ ಹುರುಪಿನಲ್ಲಿ ಇದ್ದದ್ದು ಉಂಟಾ? ಮನೆಯಲ್ಲಿ ಯಾರಿಗಾದರೂ ಬೈಪೋಲಾರ್ (ವಿಪರೀತ ಹುರುಪು, ವಿಪರೀತ ಕುಗ್ಗುವಿಕೆ ಸರದಿಯಲ್ಲಿ ಬರುವ ಕಾಯಿಲೆ) ಇದೆಯಾ?" ಎಂದು ಕೇಳುತ್ತಾರೆ. ಅಲ್ಲಿ ಮುಚ್ಚಿಡಬೇಡಿ. ಚಿಕ್ಕಪ್ಪನಿಗೆ ಇಪ್ಪತ್ತು ವರ್ಷದ ಹಿಂದೆ ಆಗಿದ್ದದ್ದೂ ಆ ಹೊತ್ತಿಗೆ ಬೇಕಾದ ಮಾಹಿತಿ.

ಖಿನ್ನತೆಯನ್ನು ಪತ್ತೆಹಚ್ಚಲು ಆಶಾ ಅಕ್ಕಂದಿರಿಗೆ ಗೊತ್ತಿರುವ ಸಾಧನವೊಂದಿದೆ, ಎಡಿನ್‌ಬರೋ ಪ್ರಶ್ನಾವಳಿ. 1987ರಲ್ಲಿ ಜಾನ್ ಕಾಕ್ಸ್ ಮತ್ತು ಸಂಗಡಿಗರು ರೂಪಿಸಿದ್ದು, ಕನ್ನಡದಲ್ಲೂ ಇದೆ. ಹತ್ತು ಪ್ರಶ್ನೆ, ಕಳೆದ ಏಳು ದಿನದ್ದಷ್ಟೇ ಕೇಳುವುದು, ಒಟ್ಟು 30 ಅಂಕ. 13 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರು ನೋಡಬೇಕು. ಅತ್ತೆ ಪಕ್ಕದಲ್ಲಿ ಕೂತಿರುವಾಗ ಕೇಳಿದರೆ ಬರುವ ಅಂಕಕ್ಕೆ ಬೆಲೆಯಿಲ್ಲ. ಮಗುವನ್ನು ತೂಗುವ ನೆಪದಲ್ಲಿ ಒಳಗಿನ ಕೋಣೆಗೆ ಹೋಗಿ ಕೇಳಿ. ಹತ್ತನೇ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಅಲ್ಲಿ ಸೊನ್ನೆ ಬಿಟ್ಟು ಬೇರೇನೇ ಬಂದರೂ ಒಟ್ಟು ಅಂಕ ಎಷ್ಟೆಂದು ನೋಡಲು ಹೋಗದೆ ಅವತ್ತೇ ವೈದ್ಯರಿಗೆ ತಿಳಿಸಬೇಕು. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕೀತು ಎಂಬ ಹೆದರಿಕೆ ಬೇಡ. ಕೇಳಿದವರಿದ್ದಾರೆ ಎಂದು ಗೊತ್ತಾದರೆ ಎಷ್ಟೋ ಜನಕ್ಕೆ ಉಸಿರು ಹಗುರಾಗುತ್ತದೆ.

ಮಾತ್ರೆಗೆ ಮುನ್ನ ಎರಡು ರಕ್ತಪರೀಕ್ಷೆ ಕೇಳಿ ಮಾಡಿಸಿ: ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್. ಹೆರಿಗೆಯ ನಂತರದ ತಿಂಗಳುಗಳಲ್ಲಿ ಥೈರಾಯ್ಡ್ ಏರುಪೇರಾಗುವುದು ಅಪರೂಪವಲ್ಲ. ಅದರ ಸುಸ್ತು, ರಕ್ತಹೀನತೆಯ ಸುಸ್ತು, ಖಿನ್ನತೆಯ ಸುಸ್ತು ಮೇಲ್ನೋಟಕ್ಕೆ ಒಂದೇ ಥರ ಕಾಣುತ್ತವೆ.

ಖಿನ್ನತೆ ಹಗುರವಾಗಿದ್ದರೆ ಮಾತ್ರೆಯಿಲ್ಲದೆಯೂ ದಾರಿಯಿದೆ. ಪಾಕಿಸ್ತಾನದ ಹಳ್ಳಿಗಳಲ್ಲಿ ನಮ್ಮ ಆಶಾ ಅಕ್ಕಂದಿರಂಥ ಲೇಡಿ ಹೆಲ್ತ್ ವರ್ಕರ್‌ಗಳೇ ಮನೆಗೆ ಹೋಗಿ ಮಾತಿನ ಚಿಕಿತ್ಸೆ ಕೊಟ್ಟರೂ ತಾಯಂದಿರು ಚೇತರಿಸಿಕೊಳ್ಳುತ್ತಾರೆಂದು 2008ರಲ್ಲೇ ಅತೀಫ್ ರೆಹಮಾನ್ ಮತ್ತು ಸಂಗಡಿಗರು ತೋರಿಸಿದರು. ಗೋವಾದಲ್ಲೂ ಅದೇ ಪದ್ಧತಿಯನ್ನು ಊರಿನ ಹೆಂಗಸರ ಮೂಲಕ ನಡೆಸಿ ನೋಡಿದ್ದಾರೆ. ಆದರೆ ಊಟ ಸೇರದೆ, ನಿದ್ದೆ ಹತ್ತದೆ, ಬದುಕೇ ಬೇಡವೆನಿಸುವ ಮಟ್ಟಕ್ಕೆ ಹೋದವರಿಗೆ ಬರೀ ಮಾತು ಸಾಲದು. ಹಿಂದೆ ಒಮ್ಮೆ ಖಿನ್ನತೆ ಬಂದು ಮಾತ್ರೆಯಿಂದ ಗುಣವಾದವರಿಗೂ ಮಾತ್ರೆಯೇ ನೇರ ದಾರಿ.

ಈಗ ಆ ಎರಡನೇ ತಟ್ಟೆ: ಕಾಯಿಲೆಯನ್ನು ಹಾಗೇ ಬಿಟ್ಟರೆ ಮಗುವಿಗೆ ಏನಾಗುತ್ತದೆ. ಗೋವಾದಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆರಿಗೆಯಾಗಿ ಆರೆಂಟು ವಾರಕ್ಕೆ ಖಿನ್ನತೆಯಲ್ಲಿದ್ದ ತಾಯಂದಿರ ಮಕ್ಕಳು ಆರು ತಿಂಗಳ ಹೊತ್ತಿಗೆ ತೂಕ, ಉದ್ದ ಎರಡರಲ್ಲೂ ಹಿಂದೆ ಬಿದ್ದದ್ದು ಹೆಚ್ಚಾಗಿ ಕಂಡಿತು. ಅದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ಖಿನ್ನತೆಯಲ್ಲಿ ತಾಯಿ ಬೇಗ ಹಾಲು ನಿಲ್ಲಿಸುತ್ತಾಳೆ. ಮಗು ಬಾಯಿ ಚಪ್ಪರಿಸಿ, ತಲೆ ಆಡಿಸಿ ಹಸಿವು ಹೇಳಿದ್ದು ಅವಳ ಕಣ್ಣಿಗೆ ತಡವಾಗಿ ಬೀಳುತ್ತದೆ. ಲಸಿಕೆಯ ದಿನ ತಪ್ಪುತ್ತದೆ. "ಮಾತ್ರೆ ಇಲ್ಲದ ಶುದ್ಧ ಹಾಲು" ಎಂದು ನಾವು ಕಾಪಾಡಲು ಹೊರಟ ಹಾಲೇ ಮಗುವಿಗೆ ಸಿಗದೆ ಹೋಗುತ್ತದೆ.

ಹಾಲಿಗೆ ಎಷ್ಟು ಇಳಿಯುತ್ತದೆ

ನುಂಗಿದ ಮಾತ್ರೆ ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಮೊಲೆಯ ಜೀವಕೋಶ ದಾಟಿ ಹಾಲಿಗೆ, ಹಾಲಿನಿಂದ ಮಗುವಿನ ಹೊಟ್ಟೆಗೆ, ಅಲ್ಲಿಂದ ಮಗುವಿನ ಯಕೃತ್ತಿನ ಮೂಲಕ ರಕ್ತಕ್ಕೆ. ಇಷ್ಟು ದೂರದ ಪ್ರಯಾಣದಲ್ಲಿ ಪ್ರತಿ ಹೆಜ್ಜೆಗೂ ಪ್ರಮಾಣ ಕುಗ್ಗುತ್ತದೆ. ಸರ್ಟ್ರಲೀನ್‌ನ 98%ರಷ್ಟು ತಾಯಿಯ ರಕ್ತದ ಪ್ರೋಟೀನಿಗೆ ಅಂಟಿಕೊಂಡೇ ಇರುತ್ತದೆ. ಅಂಟಿಕೊಳ್ಳದೆ ಉಳಿದದ್ದಷ್ಟೇ ಹಾಲಿನತ್ತ ದಾಟಬಲ್ಲದು. ಗರ್ಭದಲ್ಲಿದ್ದಾಗ ಹೊಕ್ಕುಳಬಳ್ಳಿಯ ಮೂಲಕ ಮಗುವಿಗೆ ತಲುಪುವುದಕ್ಕೆ ಹೋಲಿಸಿದರೆ ಹಾಲಿನ ಮೂಲಕ ತಲುಪುವುದು ತೀರಾ ಕಡಿಮೆ. ಬಸುರಿನಲ್ಲಿ ಮಾತ್ರೆ ತೆಗೆದುಕೊಂಡು, ಹೆರಿಗೆಯಾದ ಕೂಡಲೇ "ಇನ್ನು ಹಾಲು ಕೊಡಬೇಕಲ್ಲ" ಎಂದು ನಿಲ್ಲಿಸುವವರಿದ್ದಾರೆ. ಮಗುವಿಗೆ ಮಾತ್ರೆಯ ಅಂಶ ಹೆಚ್ಚು ಸೇರುವ ಕಾಲ ಮುಗಿದ ಮೇಲೆ, ತಾಯಿಗೆ ಕಾಯಿಲೆ ಮರುಕಳಿಸುವ ಭಯ ಹೆಚ್ಚಿರುವ ಕಾಲದಲ್ಲೇ ನಿಲ್ಲಿಸಿದ ಹಾಗಾಯಿತು.

ಎಷ್ಟು ಎನ್ನುವುದಕ್ಕೆ ವೈದ್ಯರು ಬಳಸುವ ಅಳತೆ ಸರಳ. ತಾಯಿ ತನ್ನ ಒಂದು ಕಿಲೋ ತೂಕಕ್ಕೆ ದಿನಕ್ಕೆ ಎಷ್ಟು ಔಷಧ ತೆಗೆದುಕೊಳ್ಳುತ್ತಾಳೆ, ಮಗುವಿಗೆ ಅದರ ಒಂದು ಕಿಲೋ ತೂಕಕ್ಕೆ ಹಾಲಿನಲ್ಲಿ ಎಷ್ಟು ಸಿಗುತ್ತದೆ, ಎರಡನೆಯದು ಮೊದಲನೆಯದರ ಶೇಕಡಾ ಎಷ್ಟು. ಹತ್ತಕ್ಕಿಂತ ಕೆಳಗಿದ್ದರೆ, ದಿನ ತುಂಬಿ ಹುಟ್ಟಿದ ಆರೋಗ್ಯವಂತ ಮಗುವಿಗೆ ಸಾಮಾನ್ಯವಾಗಿ ಒಪ್ಪಬಹುದಾದದ್ದು ಎಂದು ಎಣಿಸುತ್ತಾರೆ. ಸರ್ಟ್ರಲೀನ್‌ದು ಬಹುತೇಕ 0.5ರಿಂದ 2ರ ಆಸುಪಾಸು.

ಒಂದು ಲೆಕ್ಕ ಹಾಕಿ ನೋಡಿ. ತಾಯಿ 60 ಕಿಲೋ, ದಿನಕ್ಕೆ 50 ಮಿಲಿಗ್ರಾಂ. ಕಿಲೋಗೆ 0.83 ಮಿಲಿಗ್ರಾಂ ಆಯಿತು. ಅದರ 1% ಅಂದರೆ 0.0083. ಮಗು 4 ಕಿಲೋ ಇದ್ದರೆ ದಿನಕ್ಕೆ 0.033 ಮಿಲಿಗ್ರಾಂ. ಕಿಲೋಗೆ 150 ಮಿಲಿಲೀಟರ್‌ನಂತೆ ಆ ಮಗು ಕುಡಿಯುವ ಇಡೀ ದಿನದ 600 ಮಿಲಿಲೀಟರ್ ಹಾಲಿನಲ್ಲಿ ಇರುವುದು ಇಷ್ಟೇ. ಈ ಪ್ರಮಾಣದಲ್ಲಿ ತಾಯಿಯ ಒಂದು ದಿನದ ಮಾತ್ರೆಯಷ್ಟು ಔಷಧ ಮಗುವಿನ ಬಾಯಿಗೆ ಹೋಗಲು 1500 ದಿನ, ಅಂದರೆ ನಾಲ್ಕು ವರ್ಷ ದಾಟಬೇಕು. ಹಾಲು ಕುಡಿಯುವ ಮಕ್ಕಳ ರಕ್ತ ಪರೀಕ್ಷಿಸಿದಾಗ ಬಹುಪಾಲು ಮಕ್ಕಳಲ್ಲಿ ಸರ್ಟ್ರಲೀನ್ ಅಳತೆಗೇ ಸಿಗುವುದಿಲ್ಲ.

ಖಿನ್ನತೆಯ ಉಳಿದ ಮಾತ್ರೆಗಳೆಲ್ಲ ಹೀಗೇ ಎಂದುಕೊಳ್ಳಬೇಡಿ. ಪ್ಯಾರಾಕ್ಸೆಟಿನ್ ಹಾಲಿಗೆ ಕಡಿಮೆಯೇ ಇಳಿಯುತ್ತದೆ, ಆದರೆ ನಿಲ್ಲಿಸುವಾಗ ತಾಯಿಗೆ ಕಾಟ ಕೊಡುತ್ತದೆ, ಮತ್ತೆ ಬಸುರಾಗುವ ಯೋಚನೆಯಿದ್ದವರಿಗೆ ಮೊದಲ ಆಯ್ಕೆಯಲ್ಲ. ಎಸ್ಸಿಟಾಲೊಪ್ರಾಮ್ ಸ್ವಲ್ಪ ಹೆಚ್ಚು, 3ರಿಂದ 8ರವರೆಗೆ. ಆದರೂ ಹತ್ತರ ಕೆಳಗೇ. ಫ್ಲುಆಕ್ಸೆಟಿನ್ ಬಗ್ಗೆ ನಿಂತು ಹೇಳಬೇಕು. ಅದು ದೇಹದಲ್ಲಿ ಬದಲಾಗಿ ಹುಟ್ಟುವ ಪದಾರ್ಥ ಅರ್ಧಕ್ಕೆ ಇಳಿಯಲು ಒಂದೆರಡು ವಾರವೇ ಬೇಕಾಗಬಹುದು. ಎಳೆಯ ಮಗುವಿನ ಯಕೃತ್ತು ಇನ್ನೂ ನಿಧಾನ. ಹಾಗಾಗಿ ದಿನದ ಚೂರು ಚೂರು ಸೇರಿ ಕೂಡುತ್ತಾ ಹೋಗುತ್ತದೆ, ಕೆಲವು ಮಕ್ಕಳಲ್ಲಿ ರಚ್ಚೆ, ಹೊಟ್ಟೆನೋವಿನ ಅಳು, ಹಾಲು ಸರಿಯಾಗಿ ಕುಡಿಯದಿರುವುದು ವರದಿಯಾಗಿದೆ. ಹೊಸದಾಗಿ ಶುರು ಮಾಡುವವರಿಗೆ, ಅದರಲ್ಲೂ ಮಗು ಎರಡು ತಿಂಗಳೊಳಗಿದ್ದರೆ, ಬೇರೆಯದು ಒಳ್ಳೆಯದು. ನೋರ್‌ಟ್ರಿಪ್ಟಿಲಿನ್, ಇಮಿಪ್ರಮಿನ್, ಅಮಿಟ್ರಿಪ್ಟಿಲಿನ್ ಹಾಲಿಗೆ ಕಡಿಮೆ ಇಳಿಯುವಂಥವು. ಅವುಗಳ ಅಪಾಯ ಬೇರೆ ಕಡೆಯಿದೆ: ಒಟ್ಟಿಗೆ ಹೆಚ್ಚು ನುಂಗಿದರೆ ಹೃದಯಕ್ಕೆ ಪೆಟ್ಟು. ಬದುಕು ಬೇಡವೆನ್ನುವ ತಾಯಿಯ ಕೈಗೆ ತಿಂಗಳ ಮಾತ್ರೆ ಒಮ್ಮೆಗೇ ಕೊಡಬಾರದು. ಡಾಕ್ಸೆಪಿನ್ ಬೇಡವೇ ಬೇಡ. ಮಗುವಿಗೆ ವಿಪರೀತ ಮಂಪರು, ಉಸಿರಾಟದ ತೊಂದರೆ ಆದ ಉದಾಹರಣೆಗಳಿವೆ. ಬುಪ್ರೊಪಿಯಾನ್‌ನಿಂದ ಮಗುವಿಗೆ ಫಿಟ್ಸ್ ಬಂದ ವರದಿಯಿರುವುದರಿಂದ ಅದನ್ನು ಕೊನೆಯ ಸಾಲಿನಲ್ಲಿಡುತ್ತಾರೆ.

ನಮ್ಮಲ್ಲಿ ಇನ್ನೊಂದು ತೊಡಕಿದೆ. ರಾಷ್ಟ್ರೀಯ ಅಗತ್ಯ ಔಷಧಗಳ 2022ರ ಪಟ್ಟಿಯಲ್ಲಿ ಖಿನ್ನತೆಗೆಂದು ಇರುವುದು ಅಮಿಟ್ರಿಪ್ಟಿಲಿನ್, ಎಸ್ಸಿಟಾಲೊಪ್ರಾಮ್, ಫ್ಲುಆಕ್ಸೆಟಿನ್. ಸರ್ಟ್ರಲೀನ್ ಇಲ್ಲ. ಹಾಲೂಡಿಸುವವರಿಗೆ ಮೊದಲು ನೆನಪಾಗುವ ಔಷಧವೇ ಸರ್ಕಾರಿ ಔಷಧಾಲಯದಲ್ಲಿ ಸಿಗದೆ ಹೋಗಬಹುದು. ಅದನ್ನು ಪಟ್ಟಿಗೆ ಸೇರಿಸಬೇಕೆಂಬುದು ನಮ್ಮ ಗಟ್ಟಿ ಅಭಿಪ್ರಾಯ. ಅಲ್ಲಿಯವರೆಗೆ, ಹೊರಗೆ ಕೊಳ್ಳುವ ಶಕ್ತಿಯಿಲ್ಲದಿದ್ದರೆ ಮಾತ್ರೆಯನ್ನೇ ಬಿಡಬೇಡಿ. ಎಸ್ಸಿಟಾಲೊಪ್ರಾಮ್ ಕೊಡಬಹುದೇ ಎಂದು ವೈದ್ಯರನ್ನು ಕೇಳಿ. ಮತ್ತೂ ಒಂದು ಮಾತು: ಈಗಾಗಲೇ ಒಂದು ಮಾತ್ರೆಯಿಂದ ಚೆನ್ನಾಗಿರುವವರು, ಅದು ಫ್ಲುಆಕ್ಸೆಟಿನ್ನೇ ಆಗಿರಲಿ, ಹಾಲೂಡಿಸುವ ಕಾರಣಕ್ಕಷ್ಟೇ ಬದಲಾಯಿಸಲು ಹೊರಡಬೇಡಿ. ಹೊಸದು ಹಿಡಿಯದೆ ಹೋದರೆ ಮಗು ಎರಡು ಔಷಧಕ್ಕೂ, ಅದರ ಮೇಲೆ ಖಿನ್ನತೆಗೂ ಒಡ್ಡಿಕೊಳ್ಳಬೇಕಾಗುತ್ತದೆ.

ಮಾತ್ರೆಯ ಸ್ಟ್ರಿಪ್ ತಿರುಗಿಸಿ ಓದಿ

ಸ್ಟ್ರಿಪ್‌ನ ಮುಂದೆ ದಪ್ಪಕ್ಷರದಲ್ಲಿ ಕಂಪನಿಯ ಹೆಸರಿರುತ್ತದೆ. ಹಿಂದೆ ಸಣ್ಣಕ್ಷರದಲ್ಲಿ ಒಳಗೇನಿದೆ ಎಂದು ಬರೆದಿರುತ್ತದೆ. ಆ ಸಣ್ಣಕ್ಷರ ಓದಿ, ಇಲ್ಲವೇ ಓದಿಸಿ. ನಮ್ಮಲ್ಲಿ ಎಸ್ಸಿಟಾಲೊಪ್ರಾಮ್ ಜೊತೆ ಕ್ಲೊನಜೆಪಾಮ್ ಬೆರೆಸಿದ ಜೋಡಿ ಮಾತ್ರೆ ಧಾರಾಳವಾಗಿ ಮಾರಾಟವಾಗುತ್ತದೆ. ಹೆಸರಿನ ಕೊನೆಗೆ ‘ಪ್ಲಸ್’ ಎಂದೋ ‘ಫೋರ್ಟ್’ ಎಂದೋ ಬಾಲ ಸೇರಿರುತ್ತದೆ, ಉಳಿದಂತೆ ಡಬ್ಬಿ ಒಂದೇ ಥರ. ಕ್ಲೊನಜೆಪಾಮ್ ಮಂಪರು ತರುವ ಔಷಧ. ದೇಹದಲ್ಲಿ ಅರ್ಧಕ್ಕಿಳಿಯಲು ಒಂದು ದಿನಕ್ಕಿಂತ ಹೆಚ್ಚು ಹೊತ್ತು ಬೇಕು, ಹಾಗಾಗಿ ದಿನವೂ ತೆಗೆದುಕೊಂಡರೆ ಸೇರುತ್ತಾ ಹೋಗುತ್ತದೆ. ಹಾಲು ಕುಡಿದ ಮಗು ಜೋಲುಬೀಳಬಹುದು. ತಾಯಿಗೂ ಗಾಢ ಮಂಪರು, ಪಕ್ಕದಲ್ಲಿ ಮಲಗಿಸಿಕೊಂಡ ಮಗುವಿನ ಮೇಲೆ ಹೊರಳುವ ಅಪಾಯ. ವೈದ್ಯರು ಕೆಲವು ದಿನಕ್ಕೆಂದು ಬೇಕಾಗಿಯೇ ಬರೆದಿರಬಹುದು. ಆಗ ಮಗುವನ್ನು ಅದೇ ಹಾಸಿಗೆಯಲ್ಲಿ ಮಲಗಿಸಬೇಡಿ, ಪಕ್ಕದ ತೊಟ್ಟಿಲಿಗೆ ಹಾಕಿ. ಚೀಟಿಯಲ್ಲಿಲ್ಲದ ‘ಪ್ಲಸ್’ ಅಂಗಡಿಯಲ್ಲಿ ಬಂದಿದ್ದರೆ ವಾಪಸು ಕೊಟ್ಟು ಬನ್ನಿ. ತಿಂಗಳುಗಟ್ಟಲೆ ತಿಳಿಯದೆ ನುಂಗಿದ್ದರೆ ಮಾತ್ರ ದಿಢೀರನೆ ನಿಲ್ಲಿಸಬಾರದು, ವೈದ್ಯರ ಬಳಿ ಹೋಗಿ ಮೆಲ್ಲಗೆ ಇಳಿಸಬೇಕು.

ಶುರು ಮಾಡುವ ಕ್ರಮ ಹೀಗಿರುತ್ತದೆ. ಸರ್ಟ್ರಲೀನ್ 25 ಮಿಲಿಗ್ರಾಂ ಐದರಿಂದ ಏಳು ದಿನ, ಬೆಳಗಿನ ತಿಂಡಿಯಾದ ಮೇಲೆ. ಆಮೇಲೆ 50. ಎರಡರಿಂದ ನಾಲ್ಕು ವಾರಕ್ಕೆ ವೈದ್ಯರು ಮತ್ತೆ ನೋಡಿ, ಸಾಲದಿದ್ದರೆ ಏರಿಸುತ್ತಾರೆ. ಮೇಲಿನ ಮಿತಿ 200. ಮೊದಲ ವಾರ ವಾಕರಿಕೆ, ತಲೆನೋವು, ಭೇದಿ, ಕೈ ನಡುಕ, ಮೊದಲಿಗಿಂತ ಹೆಚ್ಚು ಚಡಪಡಿಕೆ ಬರಬಹುದು. ಬಹುತೇಕ ಹತ್ತು ದಿನದೊಳಗೆ ಇಳಿಯುತ್ತವೆ. ಮನಸ್ಸಿಗೆ ಹಗುರವೆನಿಸಲು ಎರಡರಿಂದ ನಾಲ್ಕು ವಾರ, ಪೂರ್ತಿ ಗುಣ ಕಾಣಲು ಆರೆಂಟು ವಾರ ಬೇಕು. ಹೆಚ್ಚಿನವರು ಸೋಲುವುದು ಈ ನಡುವಿನ ಅಂತರದಲ್ಲೇ: ತೊಂದರೆ ಮೊದಲು ಬರುತ್ತದೆ, ಗುಣ ಆಮೇಲೆ. ಹತ್ತನೇ ದಿನ "ಇದರಿಂದ ಏನೂ ಆಗ್ಲಿಲ್ಲ" ಎಂದು ಬಿಟ್ಟರೆ ಕಷ್ಟವನ್ನಷ್ಟೇ ಅನುಭವಿಸಿದಂತಾಗುತ್ತದೆ. ಮೊದಲು ಸುಧಾರಿಸುವುದು ನಿದ್ದೆ ಮತ್ತು ಊಟ. ಸಂತೋಷ ಕೊನೆಗೆ ಬರುತ್ತದೆ. ಸೊಸೆ ಎರಡು ಮುದ್ದೆ ಉಂಡಳು ಎಂದರೆ ಮಾತ್ರೆ ಕೆಲಸ ಶುರು ಮಾಡಿದೆ ಎಂದು ಅತ್ತೆ ಅವಳಿಗೆ ಹೇಳಬೇಕು, ಅವಳಿಗೇ ಅದು ಕಾಣುವುದಿಲ್ಲ. ಆದರೆ ಮೊದಲ ವಾರಗಳಲ್ಲಿ ಚಡಪಡಿಕೆ ವಿಪರೀತವಾದರೆ, ಸಾಯುವ ಮಾತು ಬಂದರೆ, ಅಥವಾ ನಿದ್ದೆ ಬಿಟ್ಟು ಹುರುಪು ಏರಿದರೆ ಕಾಯಬೇಡಿ, ಕೂಡಲೇ ವೈದ್ಯರ ಬಳಿ ಹೋಗಿ.

ಮಗುವನ್ನು ಗಮನಿಸುವುದು ಮಾತ್ರೆಯ ಮೊದಲ ದಿನದಿಂದಲ್ಲ, ಅದಕ್ಕೂ ಎರಡು ದಿನ ಮೊದಲೇ ಶುರುವಾಗಬೇಕು. ಎಷ್ಟು ಸಲ ಕುಡಿಯುತ್ತದೆ, ಎಷ್ಟು ಬಟ್ಟೆ ಒದ್ದೆ, ಎಷ್ಟು ಹೊತ್ತು ಅಳುತ್ತದೆ ಎಂದು ಒಂದು ಹಾಳೆಯಲ್ಲಿ ಬರೆದಿಡಿ. ಮೊದಲೇ ಸಂಜೆ ಆರರಿಂದ ಎಂಟರವರೆಗೆ ಅಳುತ್ತಿದ್ದ ಮಗುವಿನ ಅಳುವನ್ನು ನಾಳೆ ಮಾತ್ರೆಯ ತಲೆಗೆ ಕಟ್ಟುವುದು ತಪ್ಪುತ್ತದೆ. ಮೊದಲ ಮೂರು ತಿಂಗಳು ದಿನಕ್ಕೆ 20–30 ಗ್ರಾಂ ತೂಕ ಏರಬೇಕು, ದಿನಕ್ಕೆ ಆರಕ್ಕೂ ಹೆಚ್ಚು ಸಲ ಮೂತ್ರ. ಆಶಾ ಅಕ್ಕ ಹುಟ್ಟಿದ 3, 7, 14, 21, 28, 42ನೇ ದಿನಕ್ಕೆ ಮನೆಗೆ ಬರುತ್ತಾರಲ್ಲ, ಆ ತೂಕಗಳನ್ನು ತಾಯಿ ಕಾರ್ಡಿನಲ್ಲಿ ನೋಡಿದರೆ ಗೊತ್ತಾಗುತ್ತದೆ. ಹಾಲಿಗೆ ಎಬ್ಬಿಸಿದರೂ ಏಳದ ಮಂಪರು, ಹೀರುವ ಬಲ ತಗ್ಗುವುದು, ಸಮಾಧಾನಕ್ಕೆ ಬಗ್ಗದ ರಚ್ಚೆ, ಕೈಕಾಲು ಅದುರುವುದು, ತೂಕ ನಿಲ್ಲುವುದು ಕಂಡರೆ ಮಕ್ಕಳ ವೈದ್ಯರಿಗೆ ತೋರಿಸಿ, ತಾಯಿಯ ಮಾತ್ರೆಯ ಸ್ಟ್ರಿಪ್ ಕೈಯಲ್ಲೇ ಇರಲಿ. ದಿನ ತುಂಬದೆ ಹುಟ್ಟಿದ, ತೂಕ ತೀರಾ ಕಡಿಮೆಯಿರುವ, ಯಕೃತ್ತು ಅಥವಾ ಮೂತ್ರಪಿಂಡದ ತೊಂದರೆಯಿರುವ ಮಕ್ಕಳಿಗೆ ನಾನು ಹೇಳಿದ ಲೆಕ್ಕ ಹಾಗೇ ಅನ್ವಯಿಸದು. ಅವರ ವಿಷಯದಲ್ಲಿ ಮಕ್ಕಳ ವೈದ್ಯರೂ ಮನೋವೈದ್ಯರೂ ಮಾತಾಡಿಕೊಂಡೇ ತೀರ್ಮಾನಿಸಬೇಕು.

ಬೇರೆ ಔಷಧಗಳ ಜೊತೆ ಬರುವ ತೊಡಕುಗಳು. ಸಿಸೇರಿಯನ್ ನೋವಿಗೆ ಟ್ರಮಡಾಲ್ ಕೊಟ್ಟಿದ್ದರೆ ಖಿನ್ನತೆಯ ಮಾತ್ರೆಯ ಜೊತೆ ಸೇರಿ ಜ್ವರ, ಬೆವರು, ನಡುಕ, ಗೊಂದಲ ತರಬಹುದು. ಹಾಲು ಹೆಚ್ಚಲೆಂದು ಕೊಡುವ ಮೆಟೊಕ್ಲೊಪ್ರಮೈಡ್ ಖಿನ್ನತೆಯನ್ನೇ ಕೆದಕುವ ಔಷಧ, ಇಂಥವರಿಗೆ ಕೊಡಬಾರದು. ಅದೇ ಉದ್ದೇಶದ ಡಾಂಪೆರಿಡೋನ್ ಎಸ್ಸಿಟಾಲೊಪ್ರಾಮ್ ಜೊತೆ ಸೇರಿದರೆ ಹೃದಯದ ಬಡಿತದ ಲಯ ಕೆಡುವ ಸಾಧ್ಯತೆಯಿದೆ. "ಮಾತ್ರೆ ತಗೊಳ್ತಿದ್ದಾಳಲ್ಲ, ಹಾಲು ಬತ್ತಿಸಿಬಿಡೋಣ" ಎಂದು ಕ್ಯಾಬರ್ಗೋಲಿನ್ ಕೊಡಿಸುವುದು ಎಲ್ಲಕ್ಕಿಂತ ಕೆಟ್ಟದ್ದು. ಮನಸ್ಸಿನ ಕಾಯಿಲೆಯಿರುವ ಬಾಣಂತಿಯಲ್ಲಿ ಅದು ಭ್ರಮೆ ಕೆರಳಿಸಬಲ್ಲದು. ಕಷಾಯ, ಲೇಹ್ಯಗಳಲ್ಲಿ ಏನೇನಿದೆ ಎಂದು ಗೊತ್ತಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಬಾಣಂತಿಗೆ ನೀರು ಕೊಡದೆ ಇಡುವ ಪದ್ಧತಿ ಈ ಮಾತ್ರೆಯ ಜೊತೆ ಹೊಂದದು: ಬಾಯಿ ಒಣಗುತ್ತದೆ, ಬಿಸಿ ಬಿಸಿ ಎಣ್ಣೆಸ್ನಾನದ ಮೇಲೆ ತಲೆ ತಿರುಗುತ್ತದೆ. ಬಾಯಾರಿದಾಗಲೆಲ್ಲ ನೀರು ಕೊಡಿ.

ರಾತ್ರಿಯ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಒಡೆಯದ ನಾಲ್ಕೈದು ಗಂಟೆ ನಿದ್ದೆ ಸಿಗದ ತಾಯಿಗೆ ಯಾವ ಮಾತ್ರೆಯೂ ಪೂರ್ತಿ ಹಿಡಿಯುವುದಿಲ್ಲ. ಒಂಬತ್ತು ಗಂಟೆಗೆ ಹಾಲು ಕುಡಿಸಿ ಅವಳು ಬೇರೆ ಕೋಣೆಯಲ್ಲಿ ಮಲಗಲಿ. ಹನ್ನೊಂದು ಹನ್ನೆರಡರ ಹಾಲನ್ನು ಮೊದಲೇ ಕೈಯಿಂದ ಹಿಂಡಿ, ನೀರಿನಲ್ಲಿ ಕುದಿಸಿ ಆರಿಸಿದ ಸ್ಟೀಲ್ ಬಟ್ಟಲಲ್ಲಿ ಮುಚ್ಚಿಟ್ಟಿರಿ. ತಂಪಾದ ಕೋಣೆಯಲ್ಲಿ ನಾಲ್ಕು ಗಂಟೆ ಕೆಡದು. ಅಜ್ಜಿ ಅಥವಾ ಅಪ್ಪ ಒಳಲೆಯಲ್ಲಿ ಕುಡಿಸಲಿ, ಮಗುವನ್ನು ಕೂರಿಸಿದಂತೆ ಎತ್ತಿ ಹಿಡಿದು, ಒಳಲೆಯ ಮೂತಿಯನ್ನು ಕೆಳತುಟಿಗೆ ತಾಗಿಸಿ, ಮಗು ನುಂಗಿದಷ್ಟೇ ಬಿಡುತ್ತಾ. ಒಂದೇ ಸಮ ಸುರಿದರೆ ನೆತ್ತಿಗೇರುತ್ತದೆ. ಎರಡು ಗಂಟೆಯ ಹೊತ್ತಿಗೆ ತಾಯಿಯನ್ನು ಎಬ್ಬಿಸಿ. ತೇಗಿಸುವುದು, ಬಟ್ಟೆ ಬದಲಿಸುವುದು ಆಗಲೂ ಬೇರೆಯವರ ಕೆಲಸ.

ಇನ್ನು ಮಾತ್ರೆ ತಪ್ಪುವ ಜಾಗ. ಮೂರನೇ ತಿಂಗಳಿಗೋ ಐದನೇ ತಿಂಗಳಿಗೋ ತವರಿನಿಂದ ಗಂಡನ ಮನೆಗೆ ಬರುತ್ತಾರಲ್ಲ, ಅಲ್ಲಿ. ವೈದ್ಯರು ಹಿಂದಿನ ಊರಿನಲ್ಲಿ ಉಳಿದರು, ಚೀಟಿ ಅಮ್ಮನ ಬೀರುವಿನಲ್ಲಿ ಉಳಿಯಿತು, ಹೊಸ ಮನೆಯಲ್ಲಿ ಎಲ್ಲರೆದುರು ಮಾತ್ರೆ ನುಂಗಲು ಮುಜುಗರ. ನಾಲ್ಕೇ ದಿನ ತಪ್ಪಿದರೆ ತಲೆಸುತ್ತು, ತಲೆಯೊಳಗೆ ಶಾಕ್ ಹೊಡೆದಂತೆ ಆಗುವುದು, ಸಿಡುಕು. ಮೂರು ನಾಲ್ಕು ವಾರಕ್ಕೆ ಹಳೇ ಖಿನ್ನತೆ. ಹೊರಡುವ ಮೊದಲು ಔಷಧದ ಒಳಹೆಸರು (ಸ್ಟ್ರಿಪ್ ಹಿಂದಿನ ಸಣ್ಣಕ್ಷರದ ಹೆಸರು), ಪ್ರಮಾಣ, ಶುರುವಾದ ದಿನಾಂಕ ಬರೆದ ಒಂದು ಪತ್ರ, ಒಂದು ತಿಂಗಳ ಮಾತ್ರೆ ಕೈಲಿರಲಿ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ನಿಗದಿತ ದಿನ, ಹೆಚ್ಚಾಗಿ ಮಂಗಳವಾರ, ಬರುತ್ತಾರೆ. ನಿಮ್ಮ ತಾಲ್ಲೂಕಿನ ದಿನ ಯಾವುದೆಂದು ಆಶಾ ಅಕ್ಕನನ್ನು ಕೇಳಿಕೊಳ್ಳಿ. ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿಗೆ ಕರೆ ಮಾಡಿದರೂ ಕನ್ನಡದಲ್ಲೇ ಮಾತಾಡಬಹುದು.

ಸಭೆಯಲ್ಲಿ ಕೇಳಿದ್ದು

*ಮಾತ್ರೆ ತಗೊಂಡ ಮೇಲೆ ಸ್ವಲ್ಪ ಹೊತ್ತಿನ ಹಾಲು ಹಿಂಡಿ ಚೆಲ್ಲಬೇಕಾ ಅಕ್ಕಾ?*

ಬೇಡಮ್ಮ. ಸರ್ಟ್ರಲೀನ್ ಹಾಲಿನಲ್ಲಿ ಹೆಚ್ಚಿರುವುದು ನುಂಗಿದ ಏಳರಿಂದ ಹತ್ತು ಗಂಟೆಯ ನಂತರ. ಅಷ್ಟು ಹೊತ್ತಿಗೆ ಮಗು ಮೂರು ನಾಲ್ಕು ಸಲ ಕುಡಿದಿರುತ್ತದೆ. ಆ ಹೆಚ್ಚು ಎನ್ನುವುದೂ ಈಗ ಲೆಕ್ಕ ಹಾಕಿದೆವಲ್ಲ, ಅಷ್ಟರೊಳಗಿನದೇ. ಹಿಂಡಿ ಚೆಲ್ಲಿದರೆ ಹಾಲೂ ಹೋಯಿತು, ನಿಮ್ಮ ನಿದ್ದೆಯೂ ಹೋಯಿತು. ನೆನಪಿರುವ ಹೊತ್ತಿಗೆ ದಿನವೂ ತಗೊಳ್ಳಿ. ಮರೆತರೆ ಅದೇ ದಿನ ನೆನಪಾದಾಗ ನುಂಗಿ. ಮಾರನೇ ದಿನ ನೆನಪಾದರೆ ಎರಡು ನುಂಗಬೇಡಿ.

*ಇದು ಚಟ ಆಗ್ತದಾ? ಜೀವನಪೂರ್ತಿ ತಗೋಬೇಕಾ?*

ಹೆಚ್ಚು ಹೆಚ್ಚು ಬೇಕೆನ್ನಿಸುವ ಚಟ ಈ ಗುಂಪಿನ ಮಾತ್ರೆಗಳಿಗಿಲ್ಲ. ಆ ಭಯ ಕ್ಲೊನಜೆಪಾಮ್‌ನಂಥವಕ್ಕೆ ಸಲ್ಲುತ್ತದೆ. ಪೂರ್ತಿ ಹುಷಾರಾದ ದಿನದಿಂದ ಆರರಿಂದ ಹನ್ನೆರಡು ತಿಂಗಳು ಮುಂದುವರಿಸಿ, ಆಮೇಲೆ ವೈದ್ಯರು ವಾರಗಳ ಅಂತರದಲ್ಲಿ 50ರಿಂದ 25, ಅಲ್ಲಿಂದ ಇನ್ನೂ ಕೆಳಗೆ ಇಳಿಸಿ ನಿಲ್ಲಿಸುತ್ತಾರೆ. ಪದೇ ಪದೇ ಖಿನ್ನತೆ ಬಂದವರಿಗೆ ಮಾತ್ರ ಹೆಚ್ಚು ಕಾಲ ಬೇಕಾಗುತ್ತದೆ.

*ಆಸ್ಪತ್ರೆಗೆ ಸೇರಿಸಿದ್ರೆ ಮಗೂನ ಬೇರೆ ಮಾಡಿಬಿಡ್ತಾರಾ?*

2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 21ನೇ ಕಲಮಿನಲ್ಲೇ ಇದಕ್ಕೆ ಉತ್ತರವಿದೆ. ಚಿಕಿತ್ಸೆಗೆ ದಾಖಲಾದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸುವಂತಿಲ್ಲ. ಮಗುವಿಗೆ ಅಪಾಯವಿದೆ ಎಂದು ವೈದ್ಯರಿಗೆ ಕಂಡಾಗ ತಾತ್ಕಾಲಿಕವಾಗಿ ದೂರವಿಡಬಹುದು, ಆಗಲೂ ಹದಿನೈದು ದಿನಕ್ಕೊಮ್ಮೆ ಮರುಪರಿಶೀಲಿಸಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ-ಮಗು ಒಟ್ಟಿಗೆ ಇರುವ ಘಟಕವೇ ಇದೆ.

*ಇನ್ನೊಂದು ಮಗು ಬೇಕು ಅಂದ್ರೆ?*

ಒಮ್ಮೆ ಬಂದವರಿಗೆ ಮುಂದಿನ ಬಾಣಂತನದಲ್ಲಿ ಮತ್ತೆ ಬರುವ ಸಾಧ್ಯತೆ ಬೇರೆಯವರಿಗಿಂತ ಹೆಚ್ಚು. ಹಾಗಾಗಿ ಬಸುರಾಗುವ ಮೊದಲೇ ಮನೋವೈದ್ಯರನ್ನು ಕಾಣಿ, ಬಸುರಾದ ಮೇಲೆ ಗಾಬರಿಯಿಂದ ಮಾತ್ರೆ ಬಿಡಬೇಡಿ. ಈ ಸಲ ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ ನಿಮಗೆ ಹಿಡಿಯಿತು, ಎಷ್ಟನೇ ವಾರಕ್ಕೆ ನಿದ್ದೆ ಬಂತು ಎಂದು ತಾಯಿ ಕಾರ್ಡಿನ ಹಿಂಬದಿಯಲ್ಲಿ ಇವತ್ತೇ ಬರೆದಿಡಿ. ಮುಂದಿನ ಸಲ ವೈದ್ಯರು ಮೊದಲು ಕೇಳುವುದು ಅದನ್ನೇ.